ತಾತ ಹೊದ್ದ ಜರಿ ಶಾಲು

ಆ ಬುಧವಾರ ಮಾಡಿದ ಕೆಲಸಗಳು: ದೋಸೆ ಹಿಟ್ಟನ್ನು ಫ್ರಿಜ್‌ನಿಂದ ತೆಗೆದು ಹೊರಗಿಟ್ಟೆ. ಮಗಳ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟನ್ನು ಮುಂದಿನ ವಾರಕ್ಕೆ ಹಾಕಿಸಿದೆ. ಹಿತ್ತಲಿನ ಕರಿಬೇವಿನ ಕುಂಡಕ್ಕೆ ನೀರು ಹಾಕಿ, ಹಳದಿಯಾದ ಎಲೆಗಳನ್ನು ಕಿತ್ತೆ. ಕಾರಿಗೆ ಪೆಟ್ರೋಲು ಹಾಕಿದೆ. ಮ್ಯೂಸಿಯಮ್ಮಿಗೆ ಹೋಗಿ ಮಾಸ್ಕ್ ಹಾಕಿಕೊಂಡು ಮೇಜು ಒರೆಸಿದೆ. ನೀರು ಹೀರುವ ಬ್ಲಾಟಿಂಗ್ ಕಾಗದ ಕತ್ತರಿಸಿಟ್ಟೆ. ಸುಣ್ಣದಂಶದ ನೀರನ್ನು ಹದ ಮಾಡಿದೆ. ಆ ನೀರಿನ ಒಂದೇ ಹನಿಯಿಂದ, ತೀರಿಕೊಂಡು ಹತ್ತಿರ ಹತ್ತಿರ ನೂರು ವರ್ಷವಾದ ಹಿರಿಯರೊಬ್ಬರ ಹಣೆಯನ್ನು ರಕ್ತದ ಬಣ್ಣ ಮಾಡಿದೆ.

ಸಂಜೆ ಮನೆಗೆ ಬಂದು ದೋಸೆ ಹಾಕಿದೆನೆಂದು ನೆನಪು. ಯಾರು ಎಷ್ಟು ತಿಂದರೋ ನೋಡಲಿಲ್ಲ.

ನಾನು ಕೆಲಸ ಮಾಡುವುದು ಸ್ಯಾನ್ ಡಿಯೆಗೊದ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ, ವಾರಕ್ಕೆ ಮೂರು ದಿನ. ಹಳೆಯ ಕಾಗದ ಹರಿದರೆ ಅಂಟಿಸುವುದು, ಸುಕ್ಕಾದರೆ ಬಿಡಿಸುವುದು, ಕಲೆಯಾದರೆ ತಿಳಿ ಮಾಡುವುದು, ಗೋಡೆಗೇರುವ ಚಿತ್ರಗಳ ಸುತ್ತ ಮ್ಯಾಟ್ ಎನ್ನುವ ದಪ್ಪ ರಟ್ಟಿನ ಅಂಚು ಕತ್ತರಿಸಿ ಕೂರಿಸುವುದು. ಕೊರೋನಾದಲ್ಲಿ ಮುಚ್ಚಿದ್ದ ಬಾಗಿಲು ತೆರೆದ ಮೇಲೆ, ೨೦೨೨ರಲ್ಲಿ, ಪ್ರದರ್ಶನಗಳ ಉಸ್ತುವಾರಿಯ ನಮ್ಮ ಕ್ಯುರೇಟರ್ ಒಂದು ದೊಡ್ಡ ಪ್ರದರ್ಶನ ಮಾಡಬೇಕೆಂದು ಹೊರಟರು. ವಿಷಯ: ಹಿಂದಿನ ಶತಮಾನಗಳ ಕೆತ್ತನೆಯ ಭಾವಚಿತ್ರಗಳಲ್ಲಿ ಅಂತಸ್ತು.

ಫೋಟೋ ಇಲ್ಲದ ಕಾಲದಲ್ಲಿ, ಕೆಲವು ಕಡೆ ಫೋಟೋ ಬಂದ ಮೇಲೂ, ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಒದ್ದೆ ಕಾಗದವನ್ನು ಮೇಲಿಟ್ಟು ಒತ್ತಿ ಅಚ್ಚು ತೆಗೆಯುತ್ತಿದ್ದರು. ಬಣ್ಣದ ಚಿತ್ರ ಒಬ್ಬರ ಗೋಡೆಗೆ ಮಾತ್ರ. ಅಚ್ಚು ಊರೂರಿಗೆ ಹೋಗುತ್ತದೆ. ಆದ್ದರಿಂದ ತಾನು ಯಾರೆಂದು ನಾಲ್ಕು ಊರಿಗೆ ತಿಳಿಸಬೇಕೆನ್ನುವವರು ಕೆತ್ತಿಸಿಕೊಳ್ಳುತ್ತಿದ್ದರು. ಹಿಂದೆ ಕಲ್ಲಿನ ಕಂಬ, ಪಕ್ಕಕ್ಕೆ ಸರಿದ ದಪ್ಪ ಪರದೆ, ಕೈಯಲ್ಲಿ ಕೈಗವಸು ಅಥವಾ ಪುಸ್ತಕ, ಯುದ್ಧವನ್ನೇ ಕಾಣದವನ ಮೈಮೇಲೂ ಉಕ್ಕಿನ ಕವಚ, ಕೆಳಗೆ ಬಿರುದುಗಳ ಸಾಲು. ಮುಖವನ್ನು ಕೊನೆಗೆ ನೋಡಿ, ಮೊದಲು ಅಕ್ಕಪಕ್ಕ ನೋಡಿ ಎಂದು ಕ್ಯುರೇಟರ್ ನಮಗೆಲ್ಲ ಹೇಳಿಕೊಟ್ಟಿದ್ದರು.

ಆದರೆ ಪಟ್ಟಿಯಲ್ಲಿದ್ದವರೆಲ್ಲ ಯುರೋಪಿನವರು. ಆ ಸಮಯಕ್ಕೆ ಲಾಸ್ ಏಂಜಲೀಸಿನ ಕಡೆ ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬರು ಆಂಟಿ ಸಿಕ್ಕರು. ಎಲ್ ಸೆಗುಂಡೋದ ವಿಮಾನದ ಕಂಪನಿಯೊಂದರಿಂದ ರಿಟೈರ್ ಆಗಿ, ಅತ್ತೆಯ ಜೊತೆ ಅಲ್ಲೇ ಹತ್ತಿರದ ರೆಡೊಂಡೊ ಬೀಚ್‌ನಲ್ಲಿದ್ದಾರೆ.

“ನೀವು ಹಳೇ ಚಿತ್ರ ರಿಪೇರಿ ಮಾಡ್ತೀರಂತೆ? ನಮ್ಮತ್ತೆ ರೂಮಲ್ಲಿ ಒಂದಿದೆ ಕಣ್ರೀ. ಅವರ ತಾತಂದು. ಫೋಟೋ ಅಲ್ಲ, ಗೆರೆಗೆರೆ ಇದೆ.”

ಗೆರೆಗೆರೆ ಎಂದ ಮೇಲೆ ನನಗೆ ಹೋಳಿಗೆಯ ರುಚಿ ಹತ್ತಲಿಲ್ಲ. ಆ ಶನಿವಾರವೇ ಹೋಗಿ ನೋಡಿದೆ.

ಆಂಟಿಯ ಅತ್ತೆ, ತುಂಬ ವಯಸ್ಸಾದ ಅಜ್ಜಿ, ಕಿಟಕಿಯ ಪಕ್ಕ ಶಾಲು ಹೊದ್ದು ಕೂತಿದ್ದರು. ಸಮುದ್ರದ ಗಾಳಿ ಅವರಿಗೆ ಆಗುವುದಿಲ್ಲವಂತೆ. “ಏನಮ್ಮಾ, ನೀನು ಕಾಗದದ ಡಾಕ್ಟರಾ? ನೋಡು ಹಾಗಾದ್ರೆ, ಈ ಪೇಷಂಟ್ ಮಾತಾಡಲ್ಲ” ಎಂದು ಗೋಡೆ ತೋರಿಸಿದರು.

ತಾಮ್ರದ ಕೆತ್ತನೆಯೇ. ಕಾಗದ ಚಹಾದ ಬಣ್ಣಕ್ಕೆ ತಿರುಗಿತ್ತು. ಕುರ್ಚಿಯಲ್ಲಿ ಕೂತ ಗಂಡಸು, ಪೇಟ, ಹಿಂದೆ ಕಂಬ, ಪರದೆ, ಮೊಣಕೈ ಕೆಳಗೆ ಪುಸ್ತಕ. ಎಡಭುಜದಿಂದ ಮಂಡಿಯವರೆಗೆ ಇಳಿದ ಜರಿ ಶಾಲು, ಮಾವಿನಕಾಯಿ ಅಂಚು, ತುದಿಯಲ್ಲಿ ಕುಚ್ಚು. ಕೆತ್ತಿದವನು ಮುಖಕ್ಕಿಂತ ಶಾಲಿಗೆ ಹೆಚ್ಚು ದಿನ ತೆಗೆದುಕೊಂಡಿದ್ದ. ಹಣೆಯ ಮೇಲೆ ಒಂದು ಹಳದಿ ಬೊಟ್ಟು ಕಾಗದಕ್ಕೆ ಇಳಿದಿತ್ತು.

“ಅದು ಗಂಧ ಇರ್ಬೇಕು,” ಎಂದರು ಆಂಟಿ. “ತಿಥಿ ದಿನ ಇಡ್ತಿದ್ರಂತೆ. ಶಾಲು ನೋಡಿ, ಅರಮನೆಯಿಂದ ಬಂದದ್ದು.”

“ಅರಮನೆಯಿಂದ ಬಂತು, ನಮ್ಮನೆಯಿಂದ ಮಾಯವಾಯ್ತು,” ಎಂದರು ಅಜ್ಜಿ.

“ಅತ್ತೆ, ಅದೆಲ್ಲ ಈಗ ಯಾಕೆ?”

“ಕೇಳ್ಲಿ ಬಿಡು. ನೋಡಮ್ಮ, ತಾತ ಹೋದ್ಮೇಲೆ ಪಾಲಾಗೋವಾಗ ಪೆಟ್ಟಿಗೆ ತೆಗೆದ್ರೆ ಶಾಲಿಲ್ಲ. ಕೊನೆಗಾಲದಲ್ಲಿ ಅವರನ್ನ ನೋಡ್ಕೊಂಡವಳು ನಮ್ಮಮ್ಮ, ಕಿರೀ ಸೊಸೆ. ಪೆಟ್ಟಿಗೆ ಬೀಗದ ಕೈ ಅವಳ ಸೊಂಟದಲ್ಲಿ. ಮುಗೀತಲ್ಲ? ತೌರಿಗೆ ಸಾಗಿಸಿದ್ಲು ಅಂದ್ರು. ಪ್ರತಿ ಮದುವೆ, ಮುಂಜೀಲೂ ನಮ್ಮ ದೊಡ್ಡಮ್ಮ ಈ ಚಿತ್ರದ ಕೆಳಗೆ ನಿಂತ್ಕೊಂಡು ಈ ಅಂಚಿನ ಮೇಲೆ ಬೆರಳಿಟ್ಟು ತೋರ್ಸೋಳು. ಹೊಸ ಬೀಗರಿಗೂ ತೋರ್ಸೋಳು. ನಮ್ಮಮ್ಮ ತಲೆ ಎತ್ತದೆ ಬಡಿಸ್ತಾ ಇರೋಳು.”

“ಆದ್ರೂ ಚಿತ್ರ ನೀವೇ ಇಟ್ಕೊಂಡಿದ್ದೀರಲ್ಲ ಅಜ್ಜಿ?”

“ಮನೆ ಮಾರುವಾಗ ಗಾಜು ಒಡೆದಿತ್ತು, ಯಾರಿಗೂ ಬೇಡವಾಯ್ತು. ನಾನೇ ತಂದೆ. ಇನ್ನೊಬ್ಬರ ಗೋಡೇಲಿದ್ರೆ ಇನ್ನೊಬ್ಬರು ಬೆರಳಿಡ್ತಾರೆ.” ಆಮೇಲೆ ಕೇಳಿದರು: “ಆ ಶಾಲು ಏನಾಯ್ತು ಅಂತ ನಿಮ್ಮ ಮಿಷನ್ನಲ್ಲಿ ಏನಾದ್ರೂ ಗೊತ್ತಾಗುತ್ತಾ?”

“ಶಾಲು ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ಲ ಅಜ್ಜಿ. ಕಾಗದದಲ್ಲಿ ಏನಿದೆ ಅಂತ ನೋಡ್ತೀನಿ.”

“ಅಷ್ಟು ನೋಡು ಸಾಕು.”

ಚಿತ್ರ ಅಜ್ಜಿಯದು, ಆದ್ದರಿಂದ ಎರವಲಿನ ಕಾಗದಕ್ಕೆ ಅಜ್ಜಿಯೇ ಕನ್ನಡದಲ್ಲಿ ಸಹಿ ಹಾಕಿದರು. ಕ್ಯುರೇಟರ್ ಫೋಟೋ ನೋಡಿದ ಕೂಡಲೇ ಒಪ್ಪಿದರು. ನಾನಾಗಿ ತಂದ ಚಿತ್ರವೊಂದು ಪ್ರದರ್ಶನಕ್ಕೆ ಸೇರಿದ್ದು ಅದೇ ಮೊದಲು. ಆಂಟಿ ಅಂದು ಸಂಜೆಯಿಂದಲೇ ಪರಿಚಯದವರಿಗೆಲ್ಲ ಫೋನು ಮಾಡಿ ಉದ್ಘಾಟನೆಗೆ ಕರೆಯತೊಡಗಿದರು.

ಇನ್ನು ಕೆಲಸ. ಚೌಕಟ್ಟಿನ ಹಿಂದಿನ ಮೊಳೆ ಕಿತ್ತು, ರಟ್ಟಿನಿಂದ ಕಾಗದವನ್ನು ಬಿಡಿಸುವುದಕ್ಕೇ ಹಲವು ದಿನ ಹಿಡಿಯಿತು. ಮೈದಾ ಅಂಟು ಹಾಕಿ ಮೆತ್ತಿಬಿಟ್ಟಿದ್ದರು. ಜಿರಳೆ ಅಲ್ಲಲ್ಲಿ ತಿಂದಿತ್ತು. ರಬ್ಬರಿನ ಪುಡಿಯನ್ನು ಮೇಲೆ ಉದುರಿಸಿ, ಬೆರಳ ತುದಿಯಿಂದ ರಂಗೋಲಿ ಅಳಿಸಿದ ಹಾಗೆ ಸುತ್ತಿಸಿ ಧೂಳು ತೆಗೆದೆ. ಮಸಿ ನೀರಿಗೆ ಬಿಡುವುದಿಲ್ಲವೆಂದು ಒಂದು ಮೂಲೆಯಲ್ಲಿ ಪರೀಕ್ಷಿಸಿಕೊಂಡೆ. ಹಳೆಯ ಕಾಗದ ಒಳಗೊಳಗೇ ಹುಳಿಯಾಗಿರುತ್ತದೆ. ಹುಳಿ ಮುರಿಯಲು ತೆಳ್ಳಗೆ ಸುಣ್ಣದಂಶವಿರುವ ನೀರು ಕೊಡುವುದು ನಮ್ಮ ಮಾಮೂಲು. ಬುಧವಾರ ಕುಂಚದ ತುದಿಯಲ್ಲಿ ಮೊದಲ ಹನಿ ತೆಗೆದು, ಬೊಟ್ಟು ಸ್ವಲ್ಪ ತಿಳಿಯಾಗುವುದೇನೋ ನೋಡೋಣವೆಂದು ಹಣೆಗೇ ಇಟ್ಟೆ.

ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ ಕೆಂಪಾಯಿತು. ಕೆಂಪು ಅಂದರೆ ಹಸಿ ಗಾಯದ ಕೆಂಪು. ಅದು ಹುಬ್ಬಿನ ಕಡೆಗೆ ಹರಡುತ್ತಿತ್ತು.

ಬ್ಲಾಟಿಂಗ್ ಕಾಗದ ಒತ್ತಿಹಿಡಿದು ನಿಂತೆ. ಉಜ್ಜುವ ಹಾಗಿಲ್ಲ, ಉಜ್ಜಿದರೆ ಇನ್ನೂ ಹರಡುತ್ತದೆ. ಹತ್ತಿರದ ಮೇಜಿನಲ್ಲಿದ್ದ ಕ್ಯುರೇಟರ್ ಓಡಿ ಬಂದು, ಏನಿದು, ಏನು ಹಾಕಿದೆ ಎಂದರು. ಅರಿಶಿನಕ್ಕೆ ಸುಣ್ಣ ಎಂದೆ. ಮದುವೆಯಾಗಿ ಬಂದ ದಿನದಿಂದ ಎಷ್ಟು ಸಲ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡಿ, ಆರತಿ ಎತ್ತಿ, ಬಾಗಿಲ ಹೊರಗೆ ಚೆಲ್ಲಿಲ್ಲ! ತಟ್ಟೆಯಲ್ಲಿ ಕಂಡರೆ ಗೊತ್ತಾಗುವುದು ಲ್ಯಾಬಿನ ಮೇಜಿನ ಮೇಲೆ ತಲೆಗೇ ಹೊಳೆಯಲಿಲ್ಲ. ಗಂಧ ಅಂದಿದ್ದರು, ಗಂಧವೆಂದುಕೊಂಡೆ. ಬೇರೆ ಯಾವ ದೇಶದವರು ಈ ಮೇಜಿನಲ್ಲಿ ತಪ್ಪು ಮಾಡಿದ್ದರೂ ಅದಕ್ಕೊಂದು ಸಮಾಧಾನವಿತ್ತು.

ರೆಡೊಂಡೊ ಬೀಚಿಗೆ ಫೋನು ಮಾಡಿದೆ. ಅಜ್ಜಿಯೇ ಎತ್ತಿದರು.

“ಗಂಧ ಅಂತ ಯಾರಂದ್ರು? ಮನೆ ಮಾರೋಕೆ ಮುಂಚೆ ಒಂದು ತಿಥೀಲಿ ಗಂಧದ ಕೊರಡು ಸಿಗ್ಲಿಲ್ಲ. ಅರಿಶಿನ ಕಲಸಿ ನಾನೇ ಇಟ್ಟೆ. ಗಾಜು ಆಗ್ಲೇ ಒಡೆದಿದೆ ಅಂತ ಕಾಣ್ಲಿಲ್ಲ. ಯಾಕೆ, ಏನಾಯ್ತು?”

“ಏನಿಲ್ಲ ಅಜ್ಜಿ, ಸ್ವಲ್ಪ ಕೆಂಪಾಗಿದೆ.”

“ಸುಣ್ಣ ತಾಗಿಸ್ದ್ಯಾ?” ಎಂದರು. ಹೌದೆಂದೆ. ಆ ಕಡೆ ಅವರು ನಕ್ಕ ಸದ್ದು ಕೇಳಿತು. “ಹುಳಿ ಹಿಂಡು, ಹೋಗುತ್ತೆ.”

ಲಿಂಬೆಹಣ್ಣು ಹಿಂಡುವ ಹಾಗಿಲ್ಲ. ಆದರೆ ಮಾತು ಸರಿ. ಮಾರನೆಯ ದಿನ ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಯ ವಿನೆಗರ್‌ನಲ್ಲಿರುವುದನ್ನೇ, ಬಹಳ ತೆಳು ಮಾಡಿ ಸಣ್ಣ ಕುಂಚದಲ್ಲಿ ಬಿಂದು ಬಿಂದುವಾಗಿ ಇಟ್ಟೆ. ಅಡಿಯಲ್ಲಿ ಬ್ಲಾಟಿಂಗ್ ಕಾಗದ, ಮೇಲೆ ಭೂತಗನ್ನಡಿ. ಕೆಂಪು ಕಿತ್ತಳೆಗೆ ಬಂತು, ಕಿತ್ತಳೆ ಹಳದಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಬೊಟ್ಟು ಮೊದಲಿನಂತಾಗಿ ಉಸಿರು ಬಂತು. ಆದರೆ ಅಷ್ಟು ಹೊತ್ತು ಆ ಹಣೆಯನ್ನೇ ದಿಟ್ಟಿಸಿದ್ದರಿಂದ ಬೇರೊಂದು ಕಾಣಿಸಿತ್ತು.

ಪೇಟದ ಸುತ್ತ ಒಂದು ತೆಳು ಬಿಳಿ ವಲಯ. ಹಿಂದಿನ ಪರದೆಯ ಗೆರೆಗಳು ಪೇಟದ ಹತ್ತಿರ ಬಂದು ನಿಂತು, ಆಮೇಲೆ ಒಂದು ಕೂದಲಷ್ಟು ತಪ್ಪಿ ಮುಂದುವರಿದಿದ್ದವು. ಹರಿದ ಸೀರೆಗೆ ಬೇರೆ ದಾರದಲ್ಲಿ ಹೊಲಿಗೆ ಹಾಕಿದ ಹಾಗೆ. ಮೈಯ ಗೆರೆಗಳು ಸವೆದು ಮಾಸಿದ್ದರೆ, ಮುಖದ ಗೆರೆಗಳು ಚೂಪಾಗಿದ್ದವು. ಕೆಳಗೆ ಹೆಸರಿನ ಸಾಲಿನಲ್ಲಿ, ಈಗಿನ ಅಕ್ಷರದ ಅಡಿಯಿಂದ ಇನ್ಯಾವುದೋ ಅಕ್ಷರದ ಬಾಲ ಇಣುಕುತ್ತಿತ್ತು.

ತಗಡಿನ ಕೆತ್ತನೆಯಲ್ಲಿ ಇದೊಂದು ಪದ್ಧತಿಯೇ ಇತ್ತು ಎಂದು ಓದಿದ್ದೆ, ಕಂಡಿರಲಿಲ್ಲ. ಪೂರ್ತಿ ಹೊಸ ತಗಡು ಕೊರೆಯಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಹಳೆಯ ತಗಡಿನ ತಲೆಯಷ್ಟನ್ನೇ ಕೆರೆದು, ಹಿಂದಿನಿಂದ ಬಡಿದು ಸಮ ಮಾಡಿ, ಅಲ್ಲಿ ಹೊಸಬನ ತಲೆ ಕೊರೆಯುತ್ತಿದ್ದರು. ಕಂಬ, ಪರದೆ, ಕುರ್ಚಿ, ಬಟ್ಟೆ ಎಲ್ಲ ಹಳೆಯದೇ. ದೊಡ್ಡಸ್ತಿಕೆಗೆ ಬೇಕಾದದ್ದು ಅಷ್ಟೂ ತಗಡಿನಲ್ಲಿ ಸಿದ್ಧವಿರುವಾಗ ತಲೆ ಬದಲಾಯಿಸಿದರೆ ಸಾಕಲ್ಲ.

ಅನುಮಾನವಿದ್ದರೆ ಸಾಲದು. ನಮ್ಮ ಉಗ್ರಾಣದಲ್ಲಿ ಭಾರತದ ವ್ಯಕ್ತಿಚಿತ್ರಗಳ ಪೆಟ್ಟಿಗೆಗಳಿವೆ. ಯಾವುದೋ ಕಾಲದಲ್ಲಿ ಆಲ್ಬಮ್ಮಿಗೆ ಅಂಟಿಸಲು ಸುತ್ತ ಕತ್ತರಿಸಿ ಹೆಸರು ಕಳೆದುಕೊಂಡವರೇ ಹೆಚ್ಚು. ಒಂದೊಂದೇ ತೆರೆದು ನೋಡುತ್ತ ಹೋದೆ. ನವಾಬರು, ವರ್ತಕರು, ಪಂಡಿತರು. ಮುಖ ನೋಡಲಿಲ್ಲ, ಕುರ್ಚಿ ನೋಡಿದೆ, ಪರದೆ ನೋಡಿದೆ. ಒಂದು ವಾರ ಏನೂ ಸಿಗಲಿಲ್ಲ. ಕ್ಯುರೇಟರ್, ಸಾಕು, ಇನ್ನೂ ಮ್ಯಾಟ್ ಕತ್ತರಿಸುವುದು ರಾಶಿ ಬಿದ್ದಿದೆ ಎಂದರು. ಮ್ಯಾಟ್ ಕತ್ತರಿಸಿ ಮುಗಿಸಿ, ಊಟದ ಬಿಡುವಿನಲ್ಲಿ ಮತ್ತೆ ಪೆಟ್ಟಿಗೆ ತೆರೆದೆ. ಮೊಸರನ್ನದ ಡಬ್ಬಿ ಎಷ್ಟೋ ದಿನ ಹಾಗೇ ಮನೆಗೆ ವಾಪಸು ಬಂತು.

ಕೊನೆಗೆ ಸಿಕ್ಕಿತು. ಅದೇ ಕುರ್ಚಿ, ಅದರ ಕಾಲಿನ ಮೇಲೆ ಅದೇ ಸಣ್ಣ ಗೀರು. ಅದೇ ಪುಸ್ತಕ, ಅದೇ ಶಾಲು. ಮೇಲೆ ದಪ್ಪ ಮೀಸೆಯ, ಬೇರೆ ಪೇಟದ, ಬೇರೆ ಯಾರೋ. ಹೆಸರಿನ ಸಾಲನ್ನು ಯಾರೋ ಕತ್ತರಿಸಿಬಿಟ್ಟಿದ್ದರು.

ಪಾರದರ್ಶಕ ಹಾಳೆಯ ಮೇಲೆ ಒಂದರ ಗೆರೆ ಎತ್ತಿಕೊಂಡು ಇನ್ನೊಂದರ ಮೇಲೆ ಹಿಡಿದೆ. ಒದ್ದೆ ಕಾಗದ ಒಣಗುವಾಗ ಕುಗ್ಗುವಷ್ಟು ವ್ಯತ್ಯಾಸ ಬಿಟ್ಟರೆ ಮೈಯೆಲ್ಲ ಕೂತುಕೊಂಡಿತು. ಮೀಸೆಯವರ ಅಚ್ಚಿನಲ್ಲಿ ಶಾಲಿನ ಗೆರೆ ಹರಿತ, ಅಜ್ಜಿಯ ತಾತನದರಲ್ಲಿ ಸವೆದದ್ದು. ತಗಡು ಅಚ್ಚಾದಷ್ಟೂ ಸವೆಯುತ್ತದೆ. ಅಂದರೆ ಮೀಸೆಯವರು ಮೊದಲು, ತಾತ ಆಮೇಲೆ. ಮಾವಿನಕಾಯಿ ಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ ದೊಡ್ಡಮ್ಮನ ಬೆರಳು ನೆನಪಾಯಿತು. ಈ ಶಾಲು ತಾತನ ಹೆಗಲಿಗೆ ಬರುವ ಮೊದಲೇ ಬೇರೊಬ್ಬರಿಗೆ ಕೊರೆದದ್ದು.

ಕ್ಯುರೇಟರ್ ಕೈ ತಟ್ಟಿ ಕುಣಿದೇಬಿಟ್ಟರು. ಎರಡನ್ನೂ ಅಕ್ಕಪಕ್ಕ ಹಾಕೋಣ, ಇಡೀ ಪ್ರದರ್ಶನದ ಮಾತು ಇದೊಂದರಲ್ಲೇ ಇದೆ ಎಂದರು. ಆದರೆ ನಿಯಮದಂತೆ ಮೊದಲು ಚಿತ್ರ ಕೊಟ್ಟವರಿಗೆ ತಿಳಿಸಬೇಕು. ಆ ಮನೆಯ ವ್ಯವಹಾರವೆಲ್ಲ ಆಂಟಿಯದು. ಆಂಟಿಗೆ ಫೋನು ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅಂದ್ರೆ ನಮ್ಮನೆ ಹಿರಿಯರದ್ದು ಡೂಪ್ಲಿಕೇಟ್ ಅಂತೀರಾ?”

“ಡೂಪ್ಲಿಕೇಟ್ ಅಲ್ಲ ಆಂಟಿ. ಮುಖ ಅವರದೇ. ಆ ಕಾಲದಲ್ಲಿ ಹೀಗೆ ಮಾಡಿಸೋದು—”

“ನಾನು ಊರಿಗೆಲ್ಲ ಅರಮನೆ ಶಾಲು ಅಂತ ಹೇಳಿದ್ದೀನಿ. ಅವರನ್ನೆಲ್ಲ ಕರ್ಕೊಂಡು ಬಂದು ನಗೆಪಾಟಲು ಮಾಡ್ಲಾ? ಬೇಡಪ್ಪ. ವಾಪಸ್ ಕೊಟ್ಬಿಡಿ. ಅತ್ತೆಗೆ ಏನೂ ಹೇಳ್ಬೇಡಿ. ಜಾಗ ಸಾಲ್ಲಿಲ್ಲ ಅಂತ ನಾನೇ ಹೇಳ್ತೀನಿ. ಈ ವಯಸ್ಸಲ್ಲಿ ಅವರಿಗೆ ಇದು ಬೇಕಾ?”

ಯೋಚಿಸಿ ಹೇಳುತ್ತೇನೆಂದು ಫೋನಿಟ್ಟೆ.

ಮನೆಯಲ್ಲಿ ಬೀನ್ಸ್ ಹೆಚ್ಚುತ್ತ ನಡೆದದ್ದನ್ನೆಲ್ಲ ಹೇಳಿದೆ. ನನ್ನವರು ಧಾರವಾಡದ ಕಡೆಯವರು, ಟೆಲಿಕಾಂ ಕಂಪನಿಯಲ್ಲಿದ್ದಾರೆ. “ಒಬ್ಬಾಂವ್ನ ಮೈ, ಇನ್ನೊಬ್ಬಾಂವ್ನ ತಲಿ! ಇದರಾಗೇನದ ಹೊಸಾದು? ನಮ್ಮ ಆಫೀಸಿನಾಗ ಎಲ್ಲಾ ಪ್ರೆಸೆಂಟೇಶನ್ನೂ ಹಂಗ ತಯಾರಾಗೂದು” ಎಂದರು. ಮಗಳು ಫೋನಿನಿಂದ ತಲೆ ಎತ್ತದೆ, “ಅಮ್ಮಾ, ಇಟ್ಸ್ ಜಸ್ಟ್ ಫೋಟೋಶಾಪ್” ಎಂದಳು.

“ನಗ್ಬೇಡ್ರಿ. ವಾಪಸ್ ಕೊಟ್ರೆ ಆ ಅಜ್ಜಿಗೆ ಶಾಲಿನ ವಿಷಯ ಯಾವತ್ತೂ ಗೊತ್ತಾಗಲ್ಲ. ಹೇಳಿದ್ರೆ ತಾತನ ಮೇಲಿನ ಅಭಿಮಾನ ಹೋಗುತ್ತೆ. ಆಂಟಿ ಬೇಡ ಅಂತಾರೆ.”

“ಚಿತ್ರಾ ಯಾರದು?”

“ಅಜ್ಜಿದು.”

“ಮತ್ತ ಆಂಟಿನ್ನ ಯಾಕ ಕೇಳ್ತಿ?”

ಬೀನ್ಸ್ ಹೆಚ್ಚಿ ಮುಗಿಯುವಷ್ಟರಲ್ಲಿ ತೀರ್ಮಾನವಾಗಿತ್ತು. ಆಂಟಿಗೆ ಮತ್ತೆ ಫೋನು ಮಾಡಿ, “ಚಿತ್ರ ವಾಪಸ್ ಕೊಡ್ತೀನಿ ಆಂಟಿ, ಅಜ್ಜಿ ಹಾಗಂದ್ರೆ. ಸಹಿ ಅವರದು. ಕಾಗದದಲ್ಲಿ ಏನಿದೆ ನೋಡು ಅಂತ ನನ್ನನ್ನ ಕೇಳಿದವರೂ ಅವರೇ. ಅವರಿಗೆ ಹೇಳದೆ ನಂಗೆ ಆಗಲ್ಲ. ನೀವು ಪಕ್ಕದಲ್ಲೇ ಇರಿ, ಬೇಡ ಅನ್ನಿಸಿದ್ರೆ ಅಲ್ಲೇ ಹೇಳಿ” ಎಂದೆ.

“ನೀವು ತುಂಬ ಹಟ ಮಾಡ್ತೀರಿ ಕಣ್ರೀ,” ಎಂದರು.

“ಹೌದು ಆಂಟಿ.”

ಶನಿವಾರ ಬೆಳಗ್ಗೆ ಸ್ಯಾನ್ ಡಿಯೆಗೊದ ನಮ್ಮ ಬಡಾವಣೆ ಪೆನಾಸ್ಕಿಟೋಸ್‌ನಿಂದ ಹೊರಟೆ. ಡಬ್ಬಿಯಲ್ಲಿ ಅವಲಕ್ಕಿ ಒಗ್ಗರಣೆ, ಹಿಂದಿನ ಸೀಟಿನಲ್ಲಿ ಎರಡು ಚಿತ್ರಗಳನ್ನೂ ಅಷ್ಟೇ ಅಳತೆಗೆ ತೆಗೆಸಿದ ದೊಡ್ಡ ಫೋಟೋಗಳು, ಶಾಲಿನ ಅಂಚಿನದು ಬೇರೆ. ೪೦೫ ಹೆದ್ದಾರಿಯಲ್ಲಿ ಎಂದಿನ ಹಾಗೆ ಕಾರುಗಳು ತೆವಳುತ್ತಿದ್ದವು. ಹೇಗೆ ಶುರು ಮಾಡುವುದೆಂದು ಬಾಯಿಪಾಠ ಮಾಡಿಕೊಂಡದ್ದನ್ನೆಲ್ಲ ಟ್ರಾಫಿಕ್ಕಿನಲ್ಲಿ ಅಳಿಸಿ ಅಳಿಸಿ ಹೇಳಿಕೊಂಡೆ. ಕೊನೆಗೆ ಏನೂ ಹೇಳುವುದು ಬೇಡ, ತೋರಿಸುವುದೆಂದು ನಿಶ್ಚಯಿಸಿದೆ.

ಆಂಟಿ ಕಾಫಿ ಕೊಟ್ಟರು, ಮುಖ ಕೊಡಲಿಲ್ಲ. ಅಜ್ಜಿಯ ಮಂಚದ ಮೇಲೆ ಎರಡೂ ಫೋಟೋ ಹರಡಿ, ಕೈಗೆ ಭೂತಗನ್ನಡಿ ಕೊಟ್ಟೆ.

“ಇದು ತಾತ. ಇದ್ಯಾರು, ಮೀಸೆಯೋರು?”

“ಗೊತ್ತಿಲ್ಲ ಅಜ್ಜಿ. ಮುಖ ಬಿಟ್ಟು ಉಳಿದದ್ದು ನೋಡಿ.”

ಅಜ್ಜಿ ಕುರ್ಚಿ ನೋಡಿದರು. ಪುಸ್ತಕ ನೋಡಿದರು. ಅಲ್ಲಿಗೂ ಇಲ್ಲಿಗೂ ಕನ್ನಡಿ ಒಯ್ದರು. ಆಂಟಿ ಬಾಗಿಲಿಗೆ ಒರಗಿ ನಿಂತಿದ್ದರು. ಕನ್ನಡಿ ಶಾಲಿನ ಮೇಲೆ ಬಂದು ನಿಂತಿತು.

“ನಮ್ಮ ಶಾಲು ಇವರ ಮೇಲೆ ಯಾಕಿದೆ?”

ಕಣ್ಣಿಗೆ ಕಂಡದ್ದನ್ನು ಹೇಳಿದೆ. ತಗಡು, ಕೆರೆದದ್ದು, ಸವೆದ ಗೆರೆ, ಯಾವುದು ಮೊದಲು ಯಾವುದು ಆಮೇಲೆ. ನಿಧಾನವಾಗಿ, ಅಡುಗೆ ಹೇಳಿಕೊಟ್ಟ ಹಾಗೆ ಹೇಳಿದೆ.

“ಅಂದ್ರೆ ತಾತ ಇದನ್ನ ಹೊದ್ದೇ ಇಲ್ಲ.”

“ಈ ಶಾಲನ್ನ ಹೊದ್ದು ಕೂತು ಬರೆಸಿದ್ದಲ್ಲ. ಬೇರೆ ಯಾವುದಾದ್ರೂ ಶಾಲು ಮನೇಲಿತ್ತೋ ಇಲ್ವೋ, ಅದು ಚಿತ್ರದಿಂದ ಗೊತ್ತಾಗಲ್ಲ ಅಜ್ಜಿ. ನಾನು ಅಷ್ಟು ಮಾತ್ರ—”

“ಏ ಸುಮ್ನಿರು, ನೀನೇನು ಕೋರ್ಟಾ?” ಅಜ್ಜಿಯ ದನಿ ಏರಿತು. “ಬೇರೆ ಶಾಲಿನ ಮಾತು ಯಾರು ಆಡಿದ್ರು? ಅವಳು ಬೆರಳಿಟ್ಟಿದ್ದು ಇದಕ್ಕೆ. ಈ ಮಾವಿನಕಾಯಿಗೆ. ಈ ಕುಚ್ಚಿಗೆ. ಇದು ಎಲ್ಲಿ ಹೋಯ್ತು ಅಂತ ಕೇಳಿದ್ದು.” ಕನ್ನಡಿ ಹಾಸಿಗೆಯ ಮೇಲೆ ಬಿತ್ತು. “ಇರದೇ ಇರೋದನ್ನ ನಮ್ಮಮ್ಮ ಎಲ್ಲಿಂದ ಕದೀತಾಳೆ?”

ಆಂಟಿ ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟರು. “ಅತ್ತೆ, ಇದನ್ನ ಗೋಡೆಗೆ ಹಾಕಿದ್ರೆ ತಾತನ ಮರ್ಯಾದೆ—”

“ತಾತ ಚಿತ್ರದಲ್ಲಿ ಶಾಲು ಹೊದ್ದು ಮೆರೆದ್ರು. ಅದಕ್ಕೆ ದಂಡ ಕಟ್ಟಿದವಳು ನಮ್ಮಮ್ಮ.” ಆಮೇಲೆ ಮೆಲ್ಲಗೆ, “ಅವರೂ ಪಾಪ. ನಾಲ್ಕು ಜನದ ಹಾಗೆ ತಾನೂ ಅಚ್ಚಿನಲ್ಲಿ ಇರ್ಬೇಕು ಅನ್ನಿಸಿರುತ್ತೆ. ಬರೆಯೋನು ಹೊದಿಸ್ದ, ಇವರು ಬೇಡ ಅನ್ಲಿಲ್ಲ. ಮನೇಲಿ ಕೇಳಿದ್ರೆ ಹೌದು ಅಂದಿರ್ತಾರೆ. ಹೂಂ ಅನ್ನೋಕೆ ಎಷ್ಟು ಹೊತ್ತು?”

ಅಜ್ಜಿ ಕಣ್ಣು ಒರೆಸಿಕೊಂಡು ಕೇಳಿದರು: “ಗೋಡೆ ಮೇಲೆ ಕೆಳಗೆ ಏನೋ ಬರೆದು ಹಾಕ್ತೀರಂತಲ್ಲ. ಅಲ್ಲಿ ಇದನ್ನೆಲ್ಲ ಬರೀತೀರಾ?”

“ತಲೆ ಬದಲಾದ ವಿಷಯ ಬರೀತಾರೆ.”

“ಅಷ್ಟೇ ಆದ್ರೆ ಚಿತ್ರ ಬೇಡ, ತಂದುಕೊಟ್ಬಿಡು. ಶಾಲಿನ ವಿಷಯ, ನಮ್ಮಮ್ಮನ ವಿಷಯ, ಅವಳ ಹೆಸರು. ಅಷ್ಟೂ ಬರೆದ್ರೆ ಇಟ್ಕೊಳ್ಳಿ.”

ಹೊರಡುವಾಗ ಆಂಟಿ ಕಾರಿನವರೆಗೆ ಬಂದರು. “ಈ ವಿಷಯಕ್ಕೆ ಅವರು ಅತ್ತಿದ್ದು ನಾನು ನೋಡೇ ಇರ್ಲಿಲ್ಲ. ನಾನು ತಾತನ ವಿಷಯ ಅಂದ್ಕೊಂಡಿದ್ದೆ” ಎಂದರು. ಬರುವವರಿಗೆಲ್ಲ ತಾನೇ ಫೋನು ಮಾಡಿ ಹೇಳುತ್ತೇನೆಂದರು. “ಅರಮನೆ ಶಾಲು ಅಂದಿದ್ದೂ ನಾನೇ, ಅಲ್ಲ ಅನ್ನೋದೂ ನಾನೇ ಅನ್ಬೇಕಲ್ಲ.”

ಸೋಮವಾರ ಕ್ಯುರೇಟರ್ ಜೊತೆ ಜಗ್ಗಾಟ. ಗೋಡೆಯ ಬರಹ ಚಿಕ್ಕದಿರಬೇಕು. ನಿಂತು ಓದುವವರಿಗೆ ಕಾಲು ನೋಯಬಾರದು. ಅವರು ಬರೆದಿದ್ದ ತಲೆಬರಹ ಎರವಲು ಮೈ ಎಂಬರ್ಥದ ಒಂದು ತಮಾಷೆ. ತಲೆ ಬದಲಿನ ಕಥೆ ಕಲೆಗೆ ಸಂಬಂಧಿಸಿದ್ದು, ಸೊಸೆಯ ಕಥೆ ಮನೆಗೆ ಸಂಬಂಧಿಸಿದ್ದು, ಅದಕ್ಕಿಲ್ಲಿ ಜಾಗವಿಲ್ಲ ಎಂದರು. ನಾನು ಹೇಳಿದೆ: ನೀವೇ ಹೇಳಿಕೊಟ್ಟಿದ್ದೀರಿ, ಇಂಥ ಚಿತ್ರ ಮಾಡಿಸುತ್ತಿದ್ದದ್ದು ನೋಡುವವರು ನಂಬಲಿ ಎಂದು. ಇಲ್ಲಿ ಒಂದು ಮನೆ ಪೂರ್ತಿ ನಂಬಿತು. ನಂಬಿದ್ದರಿಂದ ಏನಾಯಿತು ಎಂದು ಹೇಳುವ ಚಿತ್ರ ಇಡೀ ಪ್ರದರ್ಶನದಲ್ಲಿ ಇನ್ನೊಂದಿದ್ದರೆ ತೋರಿಸಿ, ಇದನ್ನು ತೆಗೆಯೋಣ.

ಅವರು ತಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಇನ್ನೊಂದು ಇರಲಿಲ್ಲ. ಪರದೆ ಕಂಬಗಳ ವಿವರವನ್ನು ಪಕ್ಕದ ಗೋಡೆಗೆ ದೂಡಿ, ಜಾಗ ಮಾಡಿಕೊಟ್ಟರು. ತಮಾಷೆಯ ತಲೆಬರಹ ಹೋಯಿತು. ಬೊಟ್ಟಿನ ಮಾತೂ ಬಂತು. ಹಳದಿಯನ್ನು ಸ್ಪಿರಿಟ್ಟಿನಲ್ಲಿ ಪೂರ್ತಿ ತೆಗೆಯಬಹುದಿತ್ತು. ಅಜ್ಜಿಯನ್ನು ಕೇಳಿದರೆ, “ಬಿಡು, ತಲೆಯಾದ್ರೂ ನಮ್ಮದೇ ತಾನೆ?” ಎಂದರು. ಬಿಟ್ಟೆವು.

ಬರಹದ ಕೊನೆ ಹೀಗಾಯಿತು: “ಈ ಶಾಲು ಕಾಣೆಯಾಯಿತೆಂದು ಮನೆಯ ಕಿರಿಯ ಸೊಸೆಯ ಮೇಲೆ ಅಪವಾದ ಬಂತು, ಆಕೆ ಅದನ್ನು ಬದುಕಿಡೀ ಹೊತ್ತರು. ಶಾಲು ಇದ್ದದ್ದು ತಾಮ್ರದ ತಗಡಿನಲ್ಲಿ.” ಮುಂ‌ದೆ ಆಕೆಯ ಹೆಸರು. ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಹಾಕಿಸಿದೆ. ಕನ್ನಡ ಅಕ್ಷರ ಅಚ್ಚಿನವರ ಕಂಪ್ಯೂಟರಿನಲ್ಲಿ ಒತ್ತು ಕಳಚಿ ಚೆಲ್ಲಾಪಿಲ್ಲಿಯಾಗಿ ಎರಡು ಸಲ ವಾಪಸು ಕಳಿಸಬೇಕಾಯಿತು.

ಉದ್ಘಾಟನೆಯ ಬೆಳಗ್ಗೆ ಆಂಟಿ ಅಜ್ಜಿಯನ್ನು ವೀಲ್‌ಚೇರಿನಲ್ಲಿ ಕರೆತಂದರು. ಎರಡು ಚಿತ್ರ ಒಂದೇ ಎತ್ತರದಲ್ಲಿ, ಒಂದೇ ಬಗೆಯ ಮ್ಯಾಟಿನಲ್ಲಿ ಇದ್ದವು. ಲಾಸ್ ಏಂಜಲೀಸಿನಿಂದ ಬಂದವರೆಲ್ಲ ಸುತ್ತ ನಿಂತಿದ್ದರು, ಯಾರೂ ನಗಲಿಲ್ಲ. ಅಜ್ಜಿ ಚಿತ್ರದ ಕಡೆ ಒಮ್ಮೆ ನೋಡಿ, ಬರಹದ ಹತ್ತಿರ ತಳ್ಳಿಸಿಕೊಂಡು ಹೋಗಿ, ಮೈಸೂರಿಗೆ ವಿಡಿಯೋ ಕಾಲ್ ಹಾಕಿಸಿದರು. ಅಲ್ಲಿ ರಾತ್ರಿ. ಎತ್ತಿದವರು ದೊಡ್ಡಮ್ಮನ ಮೊಮ್ಮಗಳು, ಅವರಿಗೂ ಕೂದಲು ಬೆಳ್ಳಗಾಗಿತ್ತು.

“ಮಲಗಿದ್ಯಾ? ಏಳು. ಒಂದು ಓದ್ತೀನಿ, ಕೇಳಿಸ್ಕೋ.”

ಮೊದಲಿನಿಂದ ಕೊನೆಯವರೆಗೆ ಅಜ್ಜಿ ಜೋರಾಗಿ ಓದಿದರು. ತಾಯಿಯ ಹೆಸರಿಗೆ ಬಂದಾಗ ನಿಲ್ಲಿಸಿ, ಇನ್ನೊಮ್ಮೆ ಓದಿದರು.

“ಅಯ್ಯೋ ಅತ್ತೆ, ಎಷ್ಟು ವರ್ಷ ಆಯ್ತು ಅದೆಲ್ಲ. ಬಿಡಿ ಈಗ.”

“ಬಿಡಲ್ಲ. ನಿಮ್ಮಜ್ಜಿ ಏನ್ ಹೇಳ್ತಿದ್ಲು, ನೆನಪಿದ್ಯೋ ಇಲ್ವೋ?”

ಮೊಮ್ಮಗಳು ಎದ್ದು ಕೂತರು. “ನೆನಪಿದೆ ಅತ್ತೆ. ನಮಗೂ ಹಾಗೇ ಹೇಳಿಕೊಟ್ಟಿದ್ರು. ನಾವೂ ಹಾಗೇ ಹೇಳಿದ್ವಿ.” ಮತ್ತೆ, “ನಾಳೆ ಎಲ್ಲರಿಗೂ ಹೇಳ್ತೀನಿ. ಆ ಬೋರ್ಡಿನ ಫೋಟೋ ಕಳ್ಸಿ.”

“ಕಳಿಸ್ತಾಳೆ,” ಎಂದು ನನ್ನ ಕಡೆ ಕೈ ತೋರಿಸಿ ಅಜ್ಜಿ ಫೋನು ಕೊಟ್ಟುಬಿಟ್ಟರು. ಫೋಟೋ ತೆಗೆದು ಅಲ್ಲೇ ಕಳಿಸಿದೆ.

ಅಂದೇ ಮತ್ತೆ ಅಷ್ಟು ದೂರ ಹೋಗುವುದು ಬೇಡವೆಂದು ಇಬ್ಬರನ್ನೂ ನಮ್ಮ ಮನೆಗೇ ಕರೆತಂದೆ. ರಾತ್ರಿ ಊಟಕ್ಕೆ ಬೀನ್ಸ್ ಪಲ್ಯ, ಮೂಲಂಗಿ ಹುಳಿ, ಹಪ್ಪಳ ಮಾಡಿದೆ. ಆಂಟಿ ತಂದಿದ್ದ ಮೈಸೂರುಪಾಕು ಇತ್ತು. ಅಜ್ಜಿ ಎರಡು ಸಲ ಹುಳಿ ಹಾಕಿಸಿಕೊಂಡರು, ಉಪ್ಪು ಸ್ವಲ್ಪ ಮುಂದಾಗಿದೆ ಎಂದರು. ಮಗಳು ಮೈಸೂರುಪಾಕನ್ನಷ್ಟೇ ತಿಂದಳು. ಮೊಸರನ್ನ ಕಲಸಿ ತರುವಷ್ಟರಲ್ಲಿ ಅಜ್ಜಿ ಸೋಫಾದ ಮೇಲೆ, ಕನ್ನಡಕ ತೆಗೆಯದೆ, ನಿದ್ದೆ ಹೋಗಿದ್ದರು. ಆಮೇಲೆ ಮಗಳು ಮಲಗಿದಳು, ನನ್ನವರು ಮಲಗಿದರು. ಆಂಟಿ ಕನ್ನಡಕ ತೆಗೆದಿಟ್ಟು, ಅತ್ತೆಗೆ ಹೊದಿಸಿ ಬಂದರು. ನಾನೂ ಅವರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಮೊಸರನ್ನ ತಿಂದೆವು.